ಬಚ್ಚಲ ಹಿಂದಿನ ಉರ್ಲಗಡ್ಡೆ

ಮೆಟ್ಟಿಲ ಕೆಳಗಿನ ಬುಟ್ಟಿಯಲ್ಲಿ ಒಂದು ಆಲೂಗೆಡ್ಡೆ ಮರೆತುಹೋಗಿತ್ತು. ಮೊನ್ನೆ ಸೊಸೆ ಅದನ್ನು ಎತ್ತಿ ನೋಡಿ ಮುಖ ಸಿಂಡರಿಸಿದಳು. ಸುಕ್ಕು ಬಿದ್ದು, ನಾಲ್ಕು ಕಡೆ ಮೊಳಕೆ ಹೊರಟು, ಹಸಿ ಮಣ್ಣಿನ ವಾಸನೆ ಬರುತ್ತಿತ್ತು. ಕಸಕ್ಕೆ ಹಾಕಲು ಹೊರಟವಳ ಕೈಯಿಂದ ಕಿತ್ತುಕೊಂಡೆ. "ಅದನ್ನೇನು ಮಾಡ್ತೀರಿ ಅತ್ತೆ?" ಅಂದಳು. ಆ ವಾಸನೆಗೆ ಪಕ್ಕದ ಮನೆಯ ದೊಡ್ಡಮ್ಮ ನೆನಪಾಗಿಬಿಟ್ಟಿದ್ದರು...

ಅದು ಮಹಾರಾಜರ ಕಾಲ. ಬುಕ್ಕಾಪಟ್ಟಣದ ಕಡೆಯಿಂದ ಮದುವೆಯಾಗಿ ಮಧುಗಿರಿ ಹತ್ತಿರದ ಈ ಊರಿಗೆ ಬಂದಾಗ ನನಗೆ ಹದಿನೈದು ಇರಬೇಕು. ನಮ್ಮ ಕಡೆ ನಾನು ಕಂಡಿದ್ದು ಜಾಲಿ, ತಂಗಡಿ, ಕುರಿ. ಆಲೂಗೆಡ್ಡೆ ತಿಂದಿದ್ದೇ ಒಂದೆರಡು ಸಲ. ಅದರ ಗಿಡ ಹೇಗಿರುತ್ತದೆ ಎಂದು ಗೊತ್ತೇ ಇರಲಿಲ್ಲ.

ದೊಡ್ಡಮ್ಮ ನಮಗೆ ನೆಂಟರಲ್ಲ. ಪಾವಗಡದ ಕಡೆಯವರು. ಗಂಡ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕೋಪ ಬಂದರೆ ಬಾಯಿಂದ ತೆಲುಗು ಉದುರುತ್ತಿತ್ತು. ಆಲೂಗೆಡ್ಡೆಗೆ ಅವರು ಅನ್ನುತ್ತಿದ್ದುದು ಉರ್ಲಗಡ್ಡೆ ಎಂದು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಮುಂದಿನ ಅರ್ಧದಲ್ಲಿ ಅವರ ಮೈದುನ, ಹಿಂದಿನ ಅರ್ಧದಲ್ಲಿ ಇವರು ಇದ್ದರು. ಪಾಲಿನ ಹೊತ್ತಿನಲ್ಲಿ ಹಿತ್ತಲ ಮಾತು ಯಾರೂ ಎತ್ತಿರಲಿಲ್ಲ. ದೊಡ್ಡಮ್ಮ ಉಣ್ಣುತ್ತಿದ್ದುದೇ ಆ ಹಿತ್ತಲಿಂದ. ಸೊಪ್ಪು, ಅವರೆ, ಸೋರೆ, ಏನಾದರೊಂದು ಅಲ್ಲಿರುತ್ತಿತ್ತು.

ಆ ವರ್ಷ ಮಳೆಗಾಲ ಪೂರಾ ಅವರು ಚಳಿಜ್ವರದಲ್ಲಿ ಮಲಗಿಬಿಟ್ಟರು. ಹಿತ್ತಲಲ್ಲಿ ಆಳುದ್ದ ಕಳೆ ಎದ್ದಿತು. ಮೈದುನ ಅದನ್ನೇ ಕಾಯುತ್ತಿದ್ದವನ ಹಾಗೆ, ಅಲ್ಲಿ ಎಮ್ಮೆ ಕೊಟ್ಟಿಗೆ ಕಟ್ಟುತ್ತೇನೆ ಎಂದ. ದೊಡ್ಡಮ್ಮ ಕಂಬಳಿ ಹೊದ್ದುಕೊಂಡೇ ಎದ್ದು ಬಂದರು. ಜಗಲಿಯ ಮೇಲೆ ಕೇರಿಯ ಯಜಮಾನರ ಮುಂದೆ ಮಾತಾಯಿತು.

"ಬೀಳು ಬಿದ್ದೈತೆ ಯಜಮಾನ್ರೇ. ಅತ್ತಿಗೆ ಕೈಲಿ ಇನ್ನೇನೂ ಆಗಲ್ಲ" ಎಂದ ಮೈದುನ.

"ಆಗಲ್ಲ ಅಂತ ಯಾವನು ಹೇಳಿದ್ದು? ಈ ಸಲ ಉರ್ಲಗಡ್ಡೆ ಬೆಳ್ದು ತೋರುಸ್ತೀನಿ."

"ಉರ್ಲಗಡ್ಡೆ! ಈ ಸುಡುಗಾಡು ಮಣ್ಣಾಗೆ? ಹಂಗಾದ್ರೆ ನಮ್ಮೆಮ್ಮೆ ಮೊಟ್ಟೆ ಇಕ್ತದೆ ಬುಡಿ."

ಜಗಲಿಯಲ್ಲಿದ್ದವರೆಲ್ಲ ನಕ್ಕರು. ದೊಡ್ಡಮ್ಮ ನಗಲಿಲ್ಲ. ಯಜಮಾನರು ಅಲ್ಲೇ ತೀರ್ಮಾನ ಹೇಳಿದರು. ಶಿವರಾತ್ರಿಯ ಹಿಂದಿನ ದಿನ ಎಲ್ಲರ ಎದುರು ಅಗೆಯಬೇಕು. ಸಗಣಿ ಹೊರುವ ಮಂಕರಿ ಒಂದು ತುಂಬಿದರೆ ದೊಡ್ಡಮ್ಮ ಇರುವ ತನಕ ಹಿತ್ತಲು ಅವರದು. ತುಂಬದಿದ್ದರೆ ಕೊಟ್ಟಿಗೆ ಏಳುತ್ತದೆ.

ಅವರ ತಮ್ಮ ಚಿಕ್ಕಬಳ್ಳಾಪುರದ ಕಡೆಯಿಂದ ಒಂದು ಚೀಲ ಬೀಜದ ಗೆಡ್ಡೆ ತಂದುಕೊಟ್ಟ. ಕುರಿಯವರಿಗೆ ಮಜ್ಜಿಗೆ ಕೊಟ್ಟು ದೊಡ್ಡಮ್ಮ ಕುರಿ ಹಿಕ್ಕೆ ತರಿಸಿಕೊಂಡರು. ಹೋಳಿಗೊಂದು ಮೊಳಕೆಯ ಕಣ್ಣು ಇರುವ ಹಾಗೆ ಗೆಡ್ಡೆ ಕುಯ್ದು, ಕುಯ್ದ ಕಡೆ ಒಲೆಯ ಬೂದಿಗೆ ಅದ್ದಿ, ದೀಪಾವಳಿ ಕಳೆದ ವಾರ ಐದು ಸಾಲು ಊರಿದರು. ನಾನು ಆಗ ತವರಿನಲ್ಲಿದ್ದೆ. ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಿರುಗಿ ಬಂದ ನಾಲ್ಕನೇ ದಿನಕ್ಕೆ ನಮ್ಮತ್ತೆ, ಬೆರಕೆ ಸೊಪ್ಪು ಕಿತ್ತುಕೊಂಡು ಬಾ ಎಂದರು. ಬೆರಕೆ ಸೊಪ್ಪೆಂದರೆ ನಮ್ಮಲ್ಲಿ ಬೇಲಿ, ಬದು, ಯಾರ ಹಿತ್ತಲು ಎಂದಿಲ್ಲ. ಕಂಡ ಎಳೆಯದನ್ನೆಲ್ಲ ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತೇವೆ, ಯಾರೂ ಯಾಕೆಂದು ಕೇಳುವುದಿಲ್ಲ. ದೊಡ್ಡಮ್ಮನ ಹಿತ್ತಲಲ್ಲಿ ಮೊಣಕಾಲುದ್ದ ಸೊಂಪಾಗಿ ಬೆಳೆದ ಸೊಪ್ಪು ಕಂಡಿತು. ಎರಡು ಸಾಲನ್ನು ಬುಡದವರೆಗೂ ಬೋಳಿಸಿದೆ. ಎಷ್ಟು ಜಾಣೆ ನಾನು ಎಂದುಕೊಂಡೇ ಮನೆಗೆ ಬಂದೆ.

ಹೊರಗೆ ಕೂತು ಮೊರದಲ್ಲಿ ಸೋಸುತ್ತಿದ್ದೆ. ಅತ್ತೆ ಒಳಗೆ ಬೇಳೆಗೆ ಇಟ್ಟಿದ್ದರು. ದೊಡ್ಡಮ್ಮ ಬಂದು ನಿಂತರು. ಮೊರ ನೋಡಿದರು.

"ಏಂ ಪಿಲ್ಲಾ ಇದಿ, ಏನೇ ಹುಡುಗಿ ಇದು?" ಎಂದರು, ಮೆಲ್ಲಗೆ. "ಇದ ತಿಂದ್ರೆ ಮನೇರೆಲ್ಲ ಕಕ್ಕಂಡು ಬಿದ್ಕಂತೀರ ಕಣೇ. ಸೊಪ್ಪಲ್ಲ ಇದು. ನನ್ನ ಉರ್ಲಗಡ್ಡೆ."

ಹಿತ್ತಲ ಪಂದ್ಯ ಇಡೀ ಕೇರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಗಿಡ ಇದೇ ಎಂದು ಮಾತ್ರ ತಿಳಿದಿರಲಿಲ್ಲ. ಅತ್ತೆಗೆ ತಿಳಿದರೆ ಸೀದಾ ತವರಿಗೆ ಅಟ್ಟುತ್ತಾರೆ. ಕಣ್ಣಲ್ಲಿ ನೀರು ಬಂತು.

"ಅಳೋದಾದ್ರೆ ಹೋಗಿ ಸಾಲಿನ ಮೇಲೆ ಅಳು, ನೀರಾದ್ರೂ ಆಯ್ತದೆ" ಎಂದು ಆ ಕುಡಿಗಳನ್ನೆಲ್ಲ ಆರಿಸಿ ಸೆರಗಿಗೆ ಸುರಿದುಕೊಂಡರು. "ನಿಮ್ಮತ್ತೆಗೆ ಹೇಳಾಕಿಲ್ಲ. ನಾಳೆಯಿಂದ ದಿನಾ ಬೆಳಿಗ್ಗೆ ನಿಮ್ಮ ಬಚ್ಚಲ ಗುಂಡಿ ನೀರು ಮೂರು ಕೊಡ ತಂದು ಹುಯ್ಬೇಕು. ಎರಡು ಸಾಲಿಗೆ, ಮೂರನೇದು ನಮ್ಮ ಬಚ್ಚಲ ಹಿಂದೆ ಕೆಸಿನ ಗಿಡದ ಏರಿಗೆ."

ಕೆಸುವಿಗೆ ಯಾಕೆ ನೀರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಶಿವರಾತ್ರಿವರೆಗೂ ಹೊತ್ತೆ. ಗುಂಡಿ ನಾರುತ್ತದೆ, ಬರಿದು ಮಾಡುತ್ತೇನೆ ಎಂದು ಅತ್ತೆಗೆ ಸುಳ್ಳು ಹೇಳಿದೆ. ಅವರು ಬಂದವರ ಹತ್ತಿರವೆಲ್ಲ, ನಮ್ಮ ಸೊಸೆಗೆ ಎಂಥ ಚೊಕ್ಕಟ ಎಂದು ಹೊಗಳಿಕೊಂಡರು. ಬೋಳಾದ ಬುಡಗಳಲ್ಲಿ ಮತ್ತೆ ಚಿಗುರು ಬಂತು, ಆದರೆ ಬಡಕಲು. ದೊಡ್ಡಮ್ಮ ದಿನಾ ಕೂತು ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ಸಂಜೆಗೆ ಜ್ವರ ಮರಳಿದ ದಿನವೂ ಬಿಡಲಿಲ್ಲ. ನನ್ನ ಜೊತೆ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ.

ಅಗೆಯುವ ದಿನ ಕೇರಿಯೆಲ್ಲ ಬೇಲಿಗೆ ಬಂತು. ಮೂರು ಸಾಲಿನಲ್ಲಿ ಮುಷ್ಟಿ ಗಾತ್ರದವು ಬಂದವು. ನಾನು ಬೋಳಿಸಿದ ಎರಡು ಸಾಲಿನಲ್ಲಿ ಸಿಕ್ಕಿದ್ದು ಗೋಲಿಗಳು. ಕೊನೆಯ ಬುಡ ಅಗೆದು ಹಾಕಿದಾಗ ಮಂಕರಿಗೆ ಇನ್ನೂ ನಾಲ್ಕು ಬೆರಳು ಕಡಿಮೆ.

"ತುಂಬ್ಲಿಲ್ಲ" ಎಂದ ಮೈದುನ. "ನಾಳಿದ್ದು ಕಂಬ ನೆಡುಸ್ತೀನಿ."

ದೊಡ್ಡಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹಾಗೆ ನೋಡದೆ ಇದ್ದುದನ್ನೇ ನನಗೆ ತಡೆಯಲಾಗಲಿಲ್ಲ. ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಎರಡು ಸಾಲು ಹಾಳು ಮಾಡಿದ್ದು ನಾನು" ಎಂದೆ. "ಸೊಪ್ಪು ಅಂತ ಚಿವುಟ್ಬುಟ್ಟೆ."

ಅತ್ತೆಯ ಕೈ ನನ್ನ ರಟ್ಟೆಗೆ ಬಿತ್ತು. ಯಜಮಾನರು ತಲೆ ಕೆರೆದುಕೊಂಡರು. "ನೀನು ಒಪ್ಕಂಡಿದ್ದು ಸರಿ ಕಣಮ್ಮ. ಆದ್ರೆ ಮಾತು ಮಾತೇ. ಮಂಕರಿ ತುಂಬ್ಬೇಕಿತ್ತು."

ಆಗ ದೊಡ್ಡಮ್ಮ ಗುದ್ದಲಿ ಎತ್ತಿಕೊಂಡು ಬಚ್ಚಲ ಹಿಂದಕ್ಕೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಕೆಸುವಿನ ಎಲೆಗಳನ್ನು ಪಕ್ಕಕ್ಕೆ ಮಡಿಸಿ ಏರಿಗೆ ಗುದ್ದಲಿ ಹಾಕಿದರು. ಒಂದೊಂದೂ ತೆಂಗಿನ ಚಿಪ್ಪಿನಷ್ಟು ದಪ್ಪದ ಗೆಡ್ಡೆ! ಕೆಸು ಮೈ ಕಡಿಯುತ್ತದೆ ಎಂದು ಯಾರೂ ಹತ್ತಿರ ಹೋಗುವುದಿಲ್ಲ. ಬಿತ್ತಿದ ದಿನವೇ ಹತ್ತು ಹೋಳು ಅಲ್ಲಿ ಊರಿಟ್ಟಿದ್ದರು. ನಾನು ದಿನಾ ಸುರಿದ ಮೂರನೇ ಕೊಡದ ನೀರೆಲ್ಲ ಅದಕ್ಕೇ ಹೋಗಿತ್ತು.

ಮಂಕರಿ ತುಂಬಿ ಮೇಲೆ ಗೋಪುರ ನಿಂತಿತು.

"ಇದೂ ಹಿತ್ತಲೇ ಅಲ್ವಾ ಯಜಮಾನ್ರೇ?" ಎಂದರು. ಮೈದುನನ ಕಡೆ ತಿರುಗಿ, "ಎಮ್ಮೆ ಮೊಟ್ಟೆ ಇಕ್ಕಿದ್ರೆ ನಂಗೂ ಒಂದು ಕೊಡಪ್ಪ" ಎಂದರು. ಆಮೇಲೆ ನನ್ನ ಹತ್ತಿರ ಬಂದು ಬೈದರು. "ಬಾಯಿ ಸುಮ್ನಿಟ್ಕಳಾಕೆ ಆಗ್ಲಿಲ್ವೇನೇ? ಇವನು ಎಮ್ಮೆ ಬುಟ್ಟು ಮೇಯಿಸ್ತಾನೆ ಅಂತ ಮದ್ಲೇ ಮುಚ್ಚಿಟ್ಟಿದ್ದೆ. ಎಮ್ಮೆ ಬರ್ಲಿಲ್ಲ, ನೀನು ಬಂದೆ."

ಯಜಮಾನರು ಶಿವರಾತ್ರಿ ಉಪವಾಸಕ್ಕೆ ಬೇಯಿಸಿದ ಎರಡು ಗೆಡ್ಡೆ ತಿಂದು, ಇದೂ ಗೆಣಸಿನ ಜಾತಿಯೇ ಎಂದು ಮೂರನೆಯದಕ್ಕೆ ಕೈ ಚಾಚಿದರಂತೆ. ಅತ್ತೆ ಎರಡು ತಿಂಗಳು ನನ್ನನ್ನು 'ಸೊಪ್ಪಿನಮ್ಮ' ಎಂದೇ ಕರೆದರು. ನಾನು ನೀರು ಹೊರುವುದನ್ನು ನಿಲ್ಲಿಸಲಿಲ್ಲ.

ಆಮೇಲಿನ ವರ್ಷಗಳಲ್ಲಿ ಹೋಳು ಮಾಡುವುದು ನನ್ನ ಕೆಲಸವಾಯಿತು. ಕಣ್ಣಿಲ್ಲದ ಹೋಳು ಮಾಡಿದರೆ ತಲೆಗೆ ಮೊಟಕುತ್ತಿದ್ದರು. ಬೀಜದ ಗೆಡ್ಡೆ ಬೇಸಿಗೆಗೆ ಕೊಳೆಯುತ್ತದೆಂದು ನೀರಿನ ಕೊಡಗಳ ಬುಡದ ತಂಪಿನಲ್ಲಿ, ಮರಳಿನ ಮಡಕೆಯಲ್ಲಿ ಇಡುತ್ತಿದ್ದರು. ಮುಕ್ಕಾಲು ಕೊಳೆಯುತ್ತಿತ್ತು. ಉಳಿದ ಕಾಲು ಭಾಗವನ್ನೇ ಊರುತ್ತಿದ್ದರು...

ಅವರು ಸತ್ತಾಗ ನಾನು ಹೆರಿಗೆಗೆ ಬುಕ್ಕಾಪಟ್ಟಣಕ್ಕೆ ಹೋಗಿದ್ದೆ. ಕೂಸು ಎತ್ತಿಕೊಂಡು ಬಂದಾಗ ಹಿತ್ತಲಲ್ಲಿ ಕೊಟ್ಟಿಗೆಯ ಕಂಬಗಳು ನಿಂತಿದ್ದವು. ಮಾತು ಅವರಿರುವ ತನಕ ಎಂದಿತ್ತಲ್ಲ, ತಪ್ಪೇನಿಲ್ಲ. ಬೀಜದ ಮಡಕೆ ಎಲ್ಲಿ ಎಂದು ಕೇಳಿದೆ. ತಿಥಿಯ ಅಡಿಗೆಗೆ ಆಯಿತು ಎಂದರು. ಬೀಜವನ್ನು ಬೇಯಿಸಿ ತಿಂದಿದ್ದರು. ಅದೊಂದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೊನ್ನೆ ಆ ಮೊಳೆತ ಗೆಡ್ಡೆಯನ್ನು ನಾಲ್ಕು ಹೋಳು ಮಾಡಿದೆ, ಹೋಳಿಗೊಂದು ಕಣ್ಣು. ಅದ್ದಲು ಬೂದಿ ಬೇಕು. ಗ್ಯಾಸಿನ ಒಲೆಯಲ್ಲಿ ಬೂದಿ ಎಲ್ಲಿ ಬರಬೇಕು? ದೇವರ ಗೂಡಿನ ವಿಭೂತಿ ಗಟ್ಟಿಯನ್ನೇ ಪುಡಿ ಮಾಡಿ ಅದ್ದಿದೆ. ಸೊಸೆ ಬಾಯಿ ಬಿಟ್ಟುಕೊಂಡು ನೋಡಿದಳು. ಮಹಡಿಯ ಮೇಲೆ ತುಕ್ಕು ಹಿಡಿದ ಡಬ್ಬದಲ್ಲಿ ಊರಿದ್ದೇನೆ. ಮಂಕರಿ ತುಂಬುವುದಿಲ್ಲ, ಗೊತ್ತು. ಕಣ್ಣು ಸರಿಯಾಗಿ ಬಂದಿದೆಯೇ ಎಂದು ನೋಡಿ ತಲೆಗೆ ಮೊಟಕುವವರೂ ಈಗ ಇಲ್ಲ.

ಇವತ್ತು ಬೆಳಿಗ್ಗೆ ಎರಡು ಕಡೆ ಮಣ್ಣು ಬಿರಿದಿದೆ. ಸೊಸೆಯನ್ನು ಮಹಡಿಗೆ ಕರೆದು ತೋರಿಸಿ, ಇದು ಸೊಪ್ಪಲ್ಲ ಎಂದು ಹೇಳಿದ್ದೇನೆ.