ನೋವಿಗೊಂದು ಜರ್ಮನ್ ಪದ

ಶ್ಮೆರ್ತ್ಸ್ ಎಂದರೆ ನೋವು. ಜರ್ಮನಿಗೆ ನರ್ಸ್ ಆಗಿ ಹೋಗುವವಳಿಗೆ ಅನ್ನ, ನೀರಿಗಿಂತ ಮೊದಲು ಬರಬೇಕಾದ ಪದ. ಬಾಗಲಕೋಟೆ ವಿದ್ಯಾಗಿರಿಯ ಜರ್ಮನ್ ಕ್ಲಾಸಿನಲ್ಲಿ ಮೇಡಂ ಅದನ್ನು ಬೋರ್ಡಿನ ಮೇಲೆ ಬರೆದು, ರೋಗಿಯನ್ನು ಕೇಳುವಾಗ ಬಹುವಚನ ಬಳಸಬೇಕು ಎಂದರು. ‘ಹಾಬನ್ ಜೀ ಶ್ಮೆರ್ತ್ಸನ್?’ ನಿಮಗೆ ನೋವಿದೆಯೇ? ಆಮೇಲೆ ಎಲ್ಲಿ, ಯಾವಾಗಿನಿಂದ, ಒಂದರಿಂದ ಹತ್ತರೊಳಗೆ ಎಷ್ಟು. ಎಲ್ಲವನ್ನೂ ಬಾಯಿಪಾಠ ಮಾಡಿದೆ. ಎರಡು ಸಲ ಫೇಲಾದೆ.

ಪದ ಮರೆತು ಅಲ್ಲ. ಮಾತಿನ ಪರೀಕ್ಷೆಯಲ್ಲಿ ಪರೀಕ್ಷಕಿಯೇ ರೋಗಿಯಾಗಿ ಎದುರಿಗೆ ಕೂರುತ್ತಾರೆ. ಮೊದಲ ಸಲ ನಾನು ಪ್ರಶ್ನೆ ಕೇಳಿ, ಉತ್ತರಕ್ಕಾಗಿ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದೆ. ಬಾಗಲಕೋಟೆಯ ಆಸ್ಪತ್ರೆಯಲ್ಲಿ ಆರು ವರ್ಷ ದುಡಿದ ಅಭ್ಯಾಸ. ಇಲ್ಲಿ ರೋಗಿ ಬಾಯಿ ಬಿಡುವುದಿಲ್ಲ. ಗಂಡ ಹೇಳುತ್ತಾನೆ, ಅತ್ತೆ ಹೇಳುತ್ತಾಳೆ, ಇಬ್ಬರೂ ಇಲ್ಲದಿದ್ದರೆ ಪಕ್ಕದ ಮಂಚದವರ ಬೀಗರಾದರೂ ಹೇಳುತ್ತಾರೆ. ‘ಜೊತೆಗೆ ಯಾರು ಬಂದಿದ್ದಾರೆ?’ ಎಂದು ಶುದ್ಧ ಜರ್ಮನ್‌ನಲ್ಲಿ ಕೇಳಿದೆ. ಪರೀಕ್ಷಕಿ ಪೆನ್ನು ಕೆಳಗಿಟ್ಟರು. ಎರಡನೆಯ ಸಲ ಅವರು ‘ಒಂಬತ್ತು’ ಎಂದದ್ದೇ ತಡ, ‘ಏನೂ ಆಗುವುದಿಲ್ಲ, ಸುಮ್ಮನಿರಿ’ ಎಂದುಬಿಟ್ಟೆ. ವಾರ್ಡಿನಲ್ಲಿ ನಾವು ಉಸಿರಾಡಿದಷ್ಟು ಸಲೀಸಾಗಿ ಹೇಳುವ ಮಾತು ಅದು.

ಮೂರನೆಯದೇ ಕೊನೆಯದು. ಅದೂ ಹೋದರೆ ಅಲ್ಲಿ ನನಗಾಗಿ ಹಿಡಿದಿಟ್ಟಿದ್ದ ಕೆಲಸ ಬೇರೆಯವರ ಪಾಲು. ಉಳಿದದ್ದು ಹನ್ನೆರಡು ದಿನ. ಊಟ ಸೇರುತ್ತಿರಲಿಲ್ಲ. ಯಾರಾದರೂ ‘ತಯಾರಿ ಹೆಂಗ ನಡದೈತಿ?’ ಎಂದರೆ ಎರಡು ಬಾರಿಸಬೇಕೆನಿಸುತ್ತಿತ್ತು. ರಜೆ ಹಾಕಿ ಇಳಕಲ್ಲಿನ ಮನೆಗೆ ಹೊರಟೆ. ಬಸ್ಸು ಹುನಗುಂದ ದಾಟಿದರೂ ತುಟಿ ಅಲ್ಲಾಡಿಸುತ್ತಲೇ ಇದ್ದೆ.

“ಯಾವ ದೇವರ ಮಂತ್ರವಾ ತಂಗಿ?” ಎಂದಳು ಪಕ್ಕದ ಅಜ್ಜಿ.

“ಜರ್ಮನಿ ದೇವರದ್ರಿ,” ಎಂದೆ. ಪಾಪ, ಅಜ್ಜಿ ಕೈಮುಗಿದಳು.

ಅವ್ವ ಜೀವಮಾನವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವಳು. ಆಕೆಯನ್ನೇ ರೋಗಿ ಮಾಡಿ ಚಾಪೆಯ ಮೇಲೆ ಕೂರಿಸಿದೆ. ಯಾವ ಪ್ರಶ್ನೆಗೆ ಏನರ್ಥ ಎಂದು ತಿಳಿಸಿ, ಎಲ್ಲಿ ಎಂದರೆ ಕೈಯಿಟ್ಟು ತೋರಿಸು, ಎಷ್ಟು ಎಂದರೆ ಬೆರಳೆತ್ತು ಎಂದು ಕಲಿಸಿದೆ. ಮೊದಲ ಪ್ರಶ್ನೆಗೇ ಅಪ್ಪ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟ.

“ಆಕಿಗೇನಾಗೇತಿ? ಗುಂಡಕಲ್ಲ ಇದ್ದಂಗ ಅದಾಳ.”

“ಅಪ್ಪಾ, ನೀ ಹೊರಗ ನಡಿ. ಅಲ್ಲಿ ಪರೀಕ್ಷಾದಾಗ ಪೇಶಂಟ್ ಒಬ್ಬಾಕಿನ ಇರತಾಳ.”

ಗೊಣಗುತ್ತ ಕಟ್ಟೆಗೆ ಹೋದ. ಬಾಗಿಲು ಮುಂದೆ ಮಾಡಿ ಮತ್ತೆ ಕೇಳಿದೆ. ಅವ್ವ ಹೌದೆಂದು ತಲೆಯಾಡಿಸಿದಳು. ಎಲ್ಲಿ? ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟಳು. ಎಷ್ಟು? ಎಂಟು ಬೆರಳು.

ನಕ್ಕುಬಿಟ್ಟೆ. “ಭಾಳ ಚೊಲೊ ಮಾಡಾಕತ್ತಿ ಬೇ ಅವ್ವಾ. ನಾಟಕಕ್ಕ ಸೇರಿಸಬೇಕ ನಿನ್ನ.”

ಅವ್ವ ನಗಲಿಲ್ಲ. ಬೆರಳನ್ನೂ ಇಳಿಸಲಿಲ್ಲ. ‘ಯಾವಾಗಿನಿಂದ’ ಎಂಬುದು ಜರ್ಮನ್‌ನಲ್ಲಿ ನನ್ನ ಬಾಯಿಗೆ ಬರಲಿಲ್ಲ. ಕನ್ನಡದಲ್ಲಿ ಕೇಳಿದೆ.

“ಏನಿಲ್ಲ ಬಿಡವಾ,” ಎಂದು ಸೆರಗು ಸರಿಮಾಡಿಕೊಂಡಳು.

ಕಂಡವರ ಅವ್ವಂದಿರ ಹೊಟ್ಟೆ ಮುಟ್ಟಿ ನೋಡಿದ ಕೈ ನನ್ನದು. ನನ್ನ ಅವ್ವನದನ್ನು ಅಂದೇ ಮೊದಲು ಮುಟ್ಟಿದೆ. ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು.

ಬಾಗಲಕೋಟೆಗೆ ಕರೆತಂದು ಸ್ಕ್ಯಾನ್ ಮಾಡಿಸಿದೆ. ಗಡ್ಡೆ. ಬಹಳ ತಡವಾಗಿದೆ ಎಂದರು ಡಾಕ್ಟರು, ನನ್ನ ಮುಖ ನೋಡದೆ. ಆದರೂ ಪರೀಕ್ಷೆಗೆ ಹೋಗಲೇಬೇಕೆಂದು ಅವ್ವ ಹಟ ಹಿಡಿದಳು. ಹೋದೆ. ಪರೀಕ್ಷಕಿ ‘ಎಂಟು’ ಎಂದಾಗ ಈ ಸಲ ಸಮಾಧಾನ ಹೇಳಲಿಲ್ಲ. ಅವರ ಮಾತು ಮುಗಿಯುವವರೆಗೂ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಪಾಸಾದೆ. ಕೆಲಸದ ಕಾಗದ ಬಂದು ಅವ್ವನ ಸ್ಕ್ಯಾನಿನ ಫೈಲಿನಲ್ಲೇ ಬಿದ್ದಿದೆ. ಸಹಿ ಹಾಕಿಲ್ಲ. ಹಾಕಲು ಕೈ ಏಳುತ್ತಿಲ್ಲ, ಹರಿದು ಹಾಕಲೂ ಏಳುತ್ತಿಲ್ಲ.

ಈಗ ಅವ್ವ ನನ್ನ ಬಾಡಿಗೆ ಮನೆಯಲ್ಲೇ ಇದ್ದಾಳೆ, ಅಪ್ಪನೂ ಜೊತೆಗೆ ಬಂದಿದ್ದಾನೆ. ದಿನಾ ಮುಂಜಾನೆ ‘ಹೆಂಗದೀ ಬೇ?’ ಎನ್ನುತ್ತೇನೆ. ‘ಆರಾಮ ಅದೇನಿ’ ಎನ್ನುತ್ತಾಳೆ. ಮೊನ್ನೆ ಹಾಗೆ ಕೇಳಿದಾಗ ಮಾತ್ರ ನನ್ನ ಕೈ ಹಿಡಿದು ಕೂರಿಸಿಕೊಂಡಳು. ಅಪ್ಪ ತಾನಾಗಿಯೇ ಎದ್ದು ಹೊರಗೆ ಹೋದ.

“ಆ ಭಾಷಾದಾಗ ಕೇಳವಾ,” ಎಂದಳು ಅವ್ವ. “ನಮ್ಮ ಮಾತಿನ್ಯಾಗ ಕೇಳಿದ್ರ ಆರಾಮ ಅದೇನಿ ಅನ್ನಬೇಕಾಗ್ತೈತಿ.”

ಕೇಳಿದೆ. ಒಂಬತ್ತು ಬೆರಳು ಎತ್ತಿದಳು.