ಜೀಪಕ್ಕನ ದೊಡ್ಡ ಸ್ಟೆಪ್ನಿ

ಜೀಪಿನ ಹಿಂಬಾಗಿಲು ಮುಚ್ಚಬೇಕಾದರೆ ಅದನ್ನು ಮಂಡಿಯಿಂದ ಎತ್ತಿ, ಹೆಗಲು ಕೊಟ್ಟು ತಳ್ಳಬೇಕಾಗಿತ್ತು. ತೆರೆಯುವುದು ಅದಕ್ಕಿಂತ ಕಷ್ಟ. ಬಾಗಿಲಿಗೆ ಹೊಸ ಸ್ಟೆಪ್ನಿ ಬಿಗಿದ ಮೇಲೆ ಅಂಟಿದ ರೋಗ ಇದು.

ಜೀಪಿನ ಒಡತಿಯನ್ನು ಎಲ್ಲರೂ ಕರೆಯುವುದು ಜೀಪಕ್ಕ ಎಂದೇ. ಅಪ್ಪನ ಲಾರಿಯಲ್ಲಿ ಗೇರು ಹಾಕಲು ಕಲಿತವಳು. ಮದುವೆಯಾದ ಮೇಲೆ ಕೆಲವು ವರ್ಷ ಟೈಲರ್ ಗಂಡನ ಅಂಗಡಿಯಲ್ಲಿ ಗುಂಡಿ ಹೊಲಿದಳು; ಸೂಜಿಗಿಂತ ಸ್ಟೇರಿಂಗೇ ತನ್ನ ಕೈಗೆ ಒಗ್ಗುವುದೆಂದು ಖಾತ್ರಿಯಾದ ದಿನ ಎದ್ದುಹೋಗಿ ಹಳೆಯ ಜೀಪೊಂದನ್ನು ಕೊಂಡಳು. ಪಟ್ಟಣದ ಆಸ್ಪತ್ರೆಯ ಆಂಬುಲೆನ್ಸ್ ಡಾಂಬರು ಮುಗಿಯುವಲ್ಲಿ ನಿಲ್ಲುತ್ತದೆ. ಅಲ್ಲಿಂದ ಮೇಲೆ, ಕಲ್ಲುಗಣಿಯವರ ಮನೆಗಳ ತನಕ ಇರುವುದು ಬಂಡೆಗಳ ದಾರಿ. ಆ ದಾರಿ ಜೀಪಕ್ಕನದು. ಕಾಯಿಲೆಯವರನ್ನು ಸ್ಟ್ರೆಚರ್ ಸಮೇತ ಹಿಂಬಾಗಿಲಿನಿಂದ ಒಳಗೆ ಹಾಕಿಕೊಂಡು ಇಳಿಸುತ್ತಾಳೆ.

ಬಂಡೆಗಳು ಜೀಪಿನ ಹೊಟ್ಟೆ ಸವರತೊಡಗಿದಾಗ ಅವಳು ನಾಲ್ಕೂ ಚಕ್ರಗಳಿಗೆ ದೊಡ್ಡ ಟೈರು ಹಾಕಿಸಿದಳು. ಐದನೆಯದು, ಬದಲಿಗಿಡುವ ಸ್ಟೆಪ್ನಿ, ಹಳೆಯದೇ ಇರಲಿ, ಅಪರೂಪಕ್ಕೆ ಬೇಕಾಗುವುದು ಎಂದುಕೊಂಡಿದ್ದಳು. ಅಪರೂಪ ಬೇಗ ಬಂತು: ಗುಡ್ಡದ ಮೇಲೆ ಒಂದು ಟೈರು ಒಡೆದು ಹಳೆಯದನ್ನು ಹಾಕಬೇಕಾಯಿತು. ಒಂದು ಕಡೆ ಚಿಕ್ಕ ಚಕ್ರ, ಉಳಿದವು ದೊಡ್ಡವು. ಜೀಪು ಕುಂಟುತ್ತ ಇಳಿಯಿತು, ತಳದ ಗೇರುಗಳು ಬಿಸಿಯಾಗಿ ಎಣ್ಣೆ ಸುಟ್ಟ ವಾಸನೆ ಹೊಡೆಯಿತು. ಮರುದಿನವೇ ಅದೇ ಅಳತೆಯ ಐದನೆಯ ಟೈರು ತಂದಳು. ಅದರ ತೂಕಕ್ಕೆ ಹಿಂಬಾಗಿಲು ಜೋತುಬಿತ್ತು.

ಒಮ್ಮೆ ಆಸ್ಪತ್ರೆಯ ಅಂಗಳದಲ್ಲಿ ಬಾಗಿಲು ತೆರೆಯಲೇ ಇಲ್ಲ. ಒಳಗೆ ಜ್ವರದ ಹುಡುಗಿ, ಹೊರಗೆ ಮೂರು ಜನ ಹಿಡಿಕೆ ಎಳೆಯುತ್ತಿದ್ದರು. ವಾಹನಗಳನ್ನು ನೋಡಿಕೊಳ್ಳುವ ಮೇಲ್ವಿಚಾರಕರು ಆಮೇಲೆ ಅವಳನ್ನು ಕರೆದರು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ತಿಂಗಳ ಕೊನೆಯೊಳಗೆ ಬಾಗಿಲು ಸರಿಯಾಗಲಿಲ್ಲ ಅಂದ್ರೆ ಬೇರೆ ಗಾಡಿ ನೋಡ್ಬೇಕಾಗುತ್ತೆ."

"ಆಗುತ್ತೆ ಸಾರ್," ಎಂದಳು. ಹೇಗೆ ಎನ್ನುವುದು ಅವಳಿಗೇ ಗೊತ್ತಿರಲಿಲ್ಲ.

ಮೈದುನನದು ವೆಲ್ಡಿಂಗ್ ಶೆಡ್ಡು. ಅವನು ಸ್ಟೆಪ್ನಿಯನ್ನೊಮ್ಮೆ, ಅತ್ತಿಗೆಯನ್ನೊಮ್ಮೆ ನೋಡಿದ.

"ಟಾಪಿನ ಮೇಲೆ ಹಾಕಿಬಿಡೋಣ ಅತ್ತಿಗೆ. ಒಂದು ಜಾಲರಿ ಮಾಡಿ ಕೂರಿಸಿದ್ರೆ ಮುಗೀತು."

"ಮೇಲಿಂದ ಇಳಿಸೋರು ಯಾರು? ನಿಮ್ಮಣ್ಣನಾ?"

"ಒಬ್ಬ ಕ್ಲೀನರ್ ಇಟ್ಕೊಳ್ಳಿ."

"ಹಿಂದೆ ಕಾಯಿಲೆಯವರು, ನರ್ಸು, ಮನೆಯೋರು ಒಬ್ರು. ಮುಂದೆ ಆಕ್ಸಿಜನ್ ಸಿಲಿಂಡರು, ಔಷಧಿ ಪೆಟ್ಟಿಗೆ. ಕ್ಲೀನರನ್ನ ಬಾನೆಟ್ ಮೇಲೆ ಕೂರಿಸ್ಲಾ? ನೋಡಪ್ಪಾ, ಟೈರು ದೊಡ್ಡದೇ ಇರ್ಬೇಕು, ಬಾಗಿಲು ತೆರೀಬೇಕು, ನಾನೊಬ್ಳೇ ಬಿಚ್ಚಿ ಹಾಕೋ ಹಾಗಿರ್ಬೇಕು. ಈ ಮೂರರಲ್ಲಿ ಒಂದನ್ನೂ ಬಿಡಲ್ಲ."

"ನಿಮ್ಮ ಹಟಕ್ಕೆ ವೆಲ್ಡಿಂಗ್ ಹಾಕೋಕಾಗಲ್ಲ ಬಿಡಿ," ಎಂದು ಮೈದುನ ಕೆಲಸಕ್ಕೆ ಕೂತ.

ಬಾಗಿಲಿನ ಕೀಲುಗಳನ್ನು ಕಿತ್ತು ಬೆರಳು ದಪ್ಪದ ಹೊಸ ಕೀಲು ಹಾಕಿದ. ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ಎರಡು ಸಲ ಗುಡ್ಡ ಹತ್ತಿ ಇಳಿದ ಮೇಲೂ ಕೀಲುಗಳು ಗಟ್ಟಿಯಾಗಿಯೇ ಇದ್ದವು. ಆದರೆ ಅವು ಕೂತಿದ್ದ ತಗಡು ಸೀಳಿತ್ತು. ಬಾಗಿಲು ಈಗ ಕಳಚಿ ಬೀಳುವ ಹಾಗಿತ್ತು. ಹಗ್ಗದಿಂದ ಕಟ್ಟಿಕೊಂಡು ಬಂದಳು.

ಅವತ್ತು ಊಟದ ಹೊತ್ತಿಗೆ ಗಂಡ ಶೆಡ್ಡಿಗೆ ಬಂದು, ಸೀಳಿದ ಜಾಗಕ್ಕೆ ಕೈಯಾಡಿಸಿದ.

"ಬೇತಾಳ ಬೆನ್ನು ಬಿಡಲ್ಲ ಅಂತಾರಲ್ಲ, ನಿನ್ನ ಜೀಪಿಗೆ ಹತ್ತಿರೋದು ಅದೇ. ಹಳೇ ಬಟ್ಟೆಗೆ ಭಾರದ ಗುಂಡಿ ಹಾಕಿದೀಯ. ದಾರ ಗಟ್ಟಿ ಮಾಡಿದ್ರೆ ಏನು ಬಂತು? ಗುಂಡಿ ಬೀಳಲ್ಲ, ಬಟ್ಟೆ ಹರಿಯುತ್ತೆ."

ಮೈದುನ ನಕ್ಕ. ಜೀಪಕ್ಕ ನಗಲಿಲ್ಲ. ಜೀಪಿನ ಕೆಳಗೆ ನುಸುಳಿ ಮಲಗಿ ಮೇಲೆ ನೋಡಿದಳು. ತಗಡೆಲ್ಲ ತೆಳು. ಗಟ್ಟಿ ಇದ್ದದ್ದು ಒಂದೇ: ಉದ್ದಕ್ಕೂ ಮಲಗಿದ್ದ ಚಾಸಿಸ್‌ನ ಎರಡು ಕಬ್ಬಿಣದ ತೊಲೆಗಳು.

"ಬಾಗಿಲ ಸಹವಾಸವೇ ಬೇಡ," ಕೆಳಗಿನಿಂದಲೇ ಕೂಗಿದಳು. "ಇಲ್ಲಿಂದ ಒಂದು ತೋಳು ಎಬ್ಬಿಸು. ಸ್ಟೆಪ್ನಿ ಅದರ ಮೇಲಿರ್ಲಿ. ಗೇಟಿನ ಹಾಗೆ ತೋಳು ಸರಿಸೋದು, ಆಮೇಲೆ ಬಾಗಿಲು ತೆಗೆಯೋದು."

ವಾರ ಹಿಡಿಯಿತು. ಸೀಳಿದ ತಗಡಿಗೆ ತೇಪೆ ಬಿತ್ತು. ಚಾಸಿಸ್‌ಗೆ ಬೆಸೆದ ದಪ್ಪ ಬಂಪರು, ಅದರ ಮೂಲೆಯಲ್ಲಿ ಬೇರಿಂಗು, ಬೇರಿಂಗಿನ ಮೇಲೆ ತಿರುಗುವ ಕಬ್ಬಿಣದ ತೋಳು. ಮೈದುನ ಒಂದೇ ಬೆರಳಿನಿಂದ ತೋಳನ್ನು ತಳ್ಳಿ ತೋರಿಸಿದ. ಅಕ್ಕಪಕ್ಕದ ಶೆಡ್ಡಿನವರೂ ಬಂದು ಒಂದೊಂದು ಬೆರಳು ಹಾಕಿ ನೋಡಿದರು.

"ಇಳಿಜಾರಲ್ಲಿ ನೋಡ್ಬೇಕು," ಎಂದಳು ಜೀಪಕ್ಕ.

"ಇಲ್ಲಿ ಆಗಿದ್ದು ಅಲ್ಲೂ ಆಗುತ್ತೆ ಅತ್ತಿಗೆ."

"ನಿನ್ನ ಶೆಡ್ಡಿನ ನೆಲ ತಟ್ಟೆ ಹಾಗಿದೆ. ಮೇಲೆ ನಾನು ನಿಲ್ಲಿಸೋದು ಮೂತಿ ಕೆಳಗೆ ಮಾಡಿ."

ಅಣ್ಣ ತಮ್ಮ ಇಬ್ಬರನ್ನೂ ಹೇರಿಕೊಂಡು ಗುಡ್ಡದ ಬುಡಕ್ಕೆ ಹೋದಳು. ಗಂಡನನ್ನು ಸ್ಟ್ರೆಚರಿನಲ್ಲಿ ಮಲಗಿಸಿ, ಮೂತಿ ಕೆಳಗಾಗಿ ಜೀಪು ನಿಲ್ಲಿಸಿ, ತೋಳು ಸರಿಸಿ ಬಾಗಿಲು ತೆಗೆದಳು. ಸ್ಟ್ರೆಚರು ಅರ್ಧ ಹೊರಗೆ ಬಂದಿತ್ತು. ತೋಳು ತನ್ನ ಭಾರಕ್ಕೆ ತಾನೇ ಹೊರಳಿ ಬಂದು ಬಾಗಿಲಿಗೆ ಬಡಿಯಿತು, ಬಾಗಿಲು ಸ್ಟ್ರೆಚರಿನ ಕಂಬಿಗೆ.

"ಕೊಂದ್ಯಲ್ಲೇ ಮಹಾರಾಯ್ತಿ!" ಗಂಡ ಕಾಲು ಒಳಗೆಳೆದುಕೊಂಡು ಎದ್ದು ಕೂತ.

"ಕಾಲು ಇದ್ಯಾ?"

"ಎರಡೂ ಇವೆ. ಇನ್ನೊಂದ್ಸಲ ಮಲಗು ಅಂದ್ರೆ ಮಾತ್ರ ಇರಲ್ಲ, ಓಡಿಹೋಗಿರ್ತವೆ."

ಶೆಡ್ಡಿಗೆ ವಾಪಸಾದ ಕೂಡಲೇ ಮೈದುನ ಡ್ರಿಲ್ಲು ಹಿಡಿದ. ಪೂರ್ತಿ ತೆರೆದಾಗ ತೋಳು ಅಲ್ಲಾಡದಂತೆ ಬಂಪರಿಗೆ ಹೆಬ್ಬೆರಳು ಗಾತ್ರದ ಪಿನ್ನು ಕೂರುವ ತೂತು ಕೊರೆದುಕೊಟ್ಟ. ಮತ್ತೆ ಇಳಿಜಾರಿಗೆ ಹೋದರು. ಈ ಸಲ ಸ್ಟ್ರೆಚರಿನಲ್ಲಿ ಮಲಗಿದವನು ಅವನೇ. ಪಿನ್ನು ಹಾಕಿದ ಮೇಲೆ ತೋಳು ಕದಲಲಿಲ್ಲ.

ತಿಂಗಳ ಕೊನೆಯ ವಾರ ಗಣಿಯಿಂದ ಕರೆ ಬಂತು. ಒಂಟಿಯಾಗಿದ್ದ ಒಬ್ಬ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ನರ್ಸನ್ನು ಕೂರಿಸಿಕೊಂಡು ಜೀಪಕ್ಕ ಹತ್ತಿದಳು, ಅಜ್ಜಿಯನ್ನು ಹಾಕಿಕೊಂಡಳು, ಹೊರಟಳು. ಅರ್ಧ ದಾರಿಯಲ್ಲಿ ಚೂಪುಗಲ್ಲೊಂದು ಮುಂದಿನ ಟೈರಿನ ಪಕ್ಕೆ ಸೀಳಿತು.

ಚಕ್ರಗಳಿಗೆ ಕಲ್ಲು ಒಡ್ಡಿ, ತೋಳು ಸರಿಸಿ, ಪಿನ್ನು ಹಾಕಿದಳು. ಜೀಪಿನಲ್ಲಿಟ್ಟಿದ್ದ ಹಲಗೆಯನ್ನು ತೋಳಿಗೆ ಆನಿಸಿ ಹೊಸ ಚಕ್ರವನ್ನು ಜಾರಿಸಿಕೊಂಡು, ಜ್ಯಾಕ್ ಏರಿಸಿ ಬದಲಿಸಿದಳು. ಸೀಳಿದ ಚಕ್ರ ಉಳಿಯಿತು. ಇಳಿಸುವುದಕ್ಕೆ ಹಲಗೆ ಸಾಕಾಗಿತ್ತು, ಎತ್ತುವುದಕ್ಕೆ ಸಾಲಲಿಲ್ಲ. ಒಮ್ಮೆ ಪ್ರಯತ್ನಿಸಿದಳು, ಬಲ ಹೆಗಲು ಚಳುಕು ಹೊಡೆಯಿತು.

"ನಾನೂ ಕೈ ಕೊಡ್ಲಾ?" ನರ್ಸ್ ಕೇಳಿದಳು.

"ನೀವು ಅಜ್ಜೀನ ಹಿಡ್ಕೊಂಡಿರಿ ಸಿಸ್ಟರ್."

"ಎಷ್ಟು ಹೊತ್ತೇ?" ಒಳಗಿನಿಂದ ಅಜ್ಜಿ.

"ಆಯ್ತಜ್ಜಿ."

"ಆಯ್ತು ಅಂತ ಆಗ್ಲೇ ಅಂದೆ."

"ಆಗ ಸುಳ್ಳು ಹೇಳ್ದೆ. ಈಗ ನಿಜ ಮಾಡ್ತೀನಿ."

ಹಿಂದೆ, ದಾರಿಯ ಬದಿಗೆ ಸೊಂಟದೆತ್ತರದ ದಿಣ್ಣೆಯಿತ್ತು. ಅದರ ಓರೆಯಲ್ಲಿ ಚಕ್ರವನ್ನು ಉರುಳಿಸಿ, ನಿಂತು, ಮತ್ತೆ ಉರುಳಿಸಿ ಮೇಲೆ ತಂದು ನಿಲ್ಲಿಸಿದಳು. ತೋಳು ಮುಚ್ಚಿ ಜೀಪನ್ನು ಇಂಚಿಂಚಾಗಿ ಹಿಂದಕ್ಕೆ ಬಿಟ್ಟಳು. ನರ್ಸ್ ಹಿಂದಿನ ಗಾಜಿನಿಂದ ನೋಡುತ್ತ ಕೂಗಿದಳು: "ಬನ್ನಿ, ಇನ್ನೂ ಬನ್ನಿ, ಸಾಕು!" ಜೀಪಕ್ಕ ದಿಣ್ಣೆ ಹತ್ತಿ ಚಕ್ರವನ್ನು ಎದೆಯಿಂದ ಒತ್ತಿದಳು. ಅದು ತೋಳಿನ ಬೋಲ್ಟುಗಳ ಮೇಲೆ ಹೋಗಿ ಕೂತಿತು. ನಟ್ಟುಗಳನ್ನು ಬಿಗಿದಳು.

ಆಸ್ಪತ್ರೆಯ ಅಂಗಳದಲ್ಲಿ ಮೇಲ್ವಿಚಾರಕರು ಸ್ಟ್ರೆಚರಿನವರ ಜೊತೆ ನಿಂತಿದ್ದರು. ಜೀಪಕ್ಕ ತೋಳು ಸರಿಸಿ, ಪಿನ್ನು ಹಾಕಿ, ಬಾಗಿಲು ತೆಗೆದಳು. ಅಜ್ಜಿ ಬೈಯುತ್ತಲೇ ಹೊರಗೆ ಬಂದಳು. ಮೇಲ್ವಿಚಾರಕರು ಬಾಗಿಲನ್ನು ತಾವೇ ಒಮ್ಮೆ ಮುಚ್ಚಿ ತೆರೆದು ನೋಡಿದರು.

"ನಾಳೆ ಬೆಳಿಗ್ಗೆ ಮೇಲಕ್ಕೆ ಲಸಿಕೆ ಕಳಿಸ್ಬೇಕು. ಬರ್ತೀರಾ?"

"ಸ್ಟೆಪ್ನಿ ಟೈರು ಸೀಳಿದೆ ಸಾರ್. ಇವತ್ತೇ ಇನ್ನೊಂದು ಹಾಕಿಸ್ಕೊಂಡು ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ," ಎಂದು ಜೀಪಕ್ಕ ಸ್ಟೇರಿಂಗ್ ಹಿಡಿದಳು.