ಬಚ್ಚಲ ನೀರಿನ ಸಂಪಿಗೆ

ಹೆಂಡತಿ ರಾಯದುರ್ಗದ ತವರಿನಿಂದ ತಂದ ಸಂಪಿಗೆ ಸಸಿಯನ್ನು ಮಡಕಶಿರದ ನಮ್ಮ ಬಾಡಿಗೆ ಮನೆಯ ಬಚ್ಚಲ ಹಿಂದೆ ನೆಟ್ಟೆವು. ನಮ್ಮಿಬ್ಬರ ಸ್ನಾನದ ನೀರೇ ಅದಕ್ಕೆ ಆಧಾರ. ನಾನು ಬೆಳಿಗ್ಗೆ ಮೀಯುತ್ತಿದ್ದೆ, ಆಕೆ ಸಂಜೆ. ಆಕೆ ತೀರಿಕೊಂಡ ಮೇಲೆ ನೀರು ಸಾಲದೆ ಗಿಡ ಬಾಡತೊಡಗಿತು. ನಾನು ಸಂಜೆಯೂ ಸ್ನಾನ ಮಾಡತೊಡಗಿದೆ.

ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೇಳಿದಳು: "ಮದ್ರಾಸ್ನಾಗೆ ಓದಿ ಬಂದೋರು, ಗಿಡಕ್ಕೆ ಸೀದಾ ಬಾವಿ ನೀರು ಹುಯ್ಯಾಕಾಗಲ್ವಾ ಸಾಮಿ? ಎಲ್ಡೊತ್ತು ಮಿಂದು ಯಾವ ಮಠ ಸೇರ್ಬೇಕಂತಿದೀರಿ?"

ನಕ್ಕೆನೇನೋ. ಸಂಜೆ ಬಚ್ಚಲಲ್ಲಿ ನೀರಿನ ಸದ್ದು ಕೇಳಬೇಕಿತ್ತೆಂದು ಈಗ ಬರೆಯುತ್ತಿದ್ದೇನೆ. ಆಗ ಹಾಗೆ ಅನ್ನಿಸಿತ್ತೋ ಇಲ್ಲವೋ, ಹೇಳಲಾರೆ.

ಗಿಡ ಉಳಿಯಿತು. ಮೊದಲ ಹೂವನ್ನು ಅಜ್ಜಿಯ ದೇವರಿಗೆ ಕೊಟ್ಟೆ. ಮಳೆ ಬಿದ್ದು ಗಿಡಕ್ಕೆ ನೀರು ಬೇಡವಾದ ದಿನಗಳಲ್ಲೂ ಸಂಜೆಯ ಸ್ನಾನ ಬಿಡಲಿಲ್ಲ. ಅದೊಂದು ಖಚಿತವಾಗಿ ನೆನಪಿದೆ.